ಈಶ್ವರಿ ಬೇರಿನ ತಡವಾದ ಪೆಟ್ಟು

ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿಯನ್ನು ಕಾಯಿ ಒಣಗಿದ ಮೇಲೆ ನೋಡಬೇಕು. ಕಾಯಿ ತೊಟ್ಟಿನ ಕಡೆಯಿಂದ ಆರು ಹೋಳಾಗಿ ಬಿರಿಯುತ್ತದೆ, ತೊಟ್ಟೂ ಎಳೆ ಎಳೆಯಾಗಿ ಸೀಳಿಕೊಳ್ಳುತ್ತದೆ. ಆಮೇಲೆ ಅದು ಹಳೆ ಅಡುಗೆಮನೆಯ ನೆಲುವಿನಂತೆ ತೂಗುತ್ತಿರುತ್ತದೆ. ಗಾಳಿ ಬೀಸಿದಾಗ ಒಳಗಿನ ಚಪ್ಪಟೆ ಬೀಜಗಳು ಹಾರಿಹೋಗುತ್ತವೆ. ಹೂವಂತೂ ಇನ್ನೂ ವಿಚಿತ್ರ. ಬುಡದಲ್ಲಿ ಉಬ್ಬು, ಅದರ ಮೇಲೊಂದು ಸಣ್ಣ ಕೊಳವೆ, ತುದಿಯಲ್ಲಿ ಕಂದು ಬಣ್ಣದ ನಾಲಿಗೆ.

ಇದೇ ಕುಲದ ಬಳ್ಳಿಗಳ ಹೂವಿನಲ್ಲಿ ಯುರೋಪಿನ ಹಳೆಯ ವೈದ್ಯರು ಗರ್ಭಕೋಶವನ್ನೂ ಹೆರಿಗೆಯ ದಾರಿಯನ್ನೂ ಕಂಡರು. ಆಕಾರ ನೋಡಿ ಗುಣ ಹೇಳುವ ಕಾಲ ಅದು. ಅದಕ್ಕೂ ಬಹಳ ಹಿಂದೆ, ಕ್ರಿಸ್ತಶಕ ಮೊದಲ ಶತಮಾನದಲ್ಲೇ, ಗ್ರೀಕ್ ವೈದ್ಯ ಡಿಯಾಸ್ಕೊರಿಡಿಸ್ ಮಾಸು ಬೀಳಲು, ಮುಟ್ಟು ಬರಲು ಇದನ್ನು ಕೊಡಬೇಕೆಂದು ಬರೆದಿದ್ದ. ನಮ್ಮಲ್ಲೂ ಈಶ್ವರಿ ಬೇರನ್ನು ಹಾವು ಕಡಿತಕ್ಕೆ, ಜ್ವರಕ್ಕೆ, ನಿಂತ ಮುಟ್ಟು ಬರಿಸಲು, ಬೇಡದ ಬಸಿರು ಇಳಿಸಲು ಬಳಸುತ್ತ ಬಂದಿದ್ದಾರೆ. ದೂರದೂರದ ನಾಡುಗಳ ಜನ ಒಂದೇ ಕುಲದ ಗಿಡವನ್ನು ಒಂದೇ ಕೆಲಸಕ್ಕೆ ಹಚ್ಚಿದ್ದಾರೆ ಎಂದರೆ ಅದರಲ್ಲಿ ಏನೋ ಇರಲೇಬೇಕು.

ಇತ್ತು ಕೂಡ. ಕಲ್ಕತ್ತೆಯ ಸಂಶೋಧಕರು 1970ರ ದಶಕದಲ್ಲಿ ಈ ಬೇರಿನ ಸಾರವನ್ನು ಹೆಣ್ಣಿಲಿಗಳಿಗೆ ಕೊಟ್ಟು, ಅದು ಗರ್ಭ ನಿಲ್ಲದಂತೆ ಮಾಡುತ್ತದೆಂದು ತೋರಿಸಿದರು. ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಕೊಳಕುಮಂಡಲದ ವಿಷದ ಒಂದು ಕಿಣ್ವವನ್ನು ತಡೆಯುತ್ತದೆಂದು 1987ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಜ್ಞಾನಿಗಳು ಪ್ರಕಟಿಸಿದರು. (ಪ್ರಯೋಗಾಲಯದಲ್ಲಿ ಕಿಣ್ವ ತಡೆಯುವುದೇ ಬೇರೆ, ಹಾವು ಕಡಿದವರ ಜೀವ ಉಳಿಸುವುದೇ ಬೇರೆ. ಅದಕ್ಕೆ ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್ನೇ ಬೇಕು.) ಹಾಗಾಗಿ ಬೇರು ತೇಯ್ದು ಕೊಟ್ಟ ಸೂಲಗಿತ್ತಿಯನ್ನು ತಿಳಿಗೇಡಿ ಎನ್ನಲು ನನಗೆ ಮನಸ್ಸಿಲ್ಲ. ಆಕೆ ಕಣ್ಣಾರೆ ಕಂಡದ್ದನ್ನೇ ನಂಬಿದ್ದಳು.

ಆಕೆಗೆ ಕಾಣದೆ ಹೋದದ್ದು ಏನು ಎಂಬುದು ಗೊತ್ತಾದದ್ದು ಬೆಲ್ಜಿಯಮ್ಮಿನಲ್ಲಿ. 1992ರಲ್ಲಿ ಬ್ರಸೆಲ್ಸಿನ ವೈದ್ಯರ ಬಳಿ ಕಿರಿವಯಸ್ಸಿನ ಇಬ್ಬರು ಮಹಿಳೆಯರು ಬಂದರು. ಇಬ್ಬರ ಮೂತ್ರಪಿಂಡಗಳೂ ಬಹಳ ಬೇಗ ಹಾಳಾಗುತ್ತಿದ್ದವು. ವಿಚಾರಿಸಿದಾಗ, ಇಬ್ಬರೂ ಮೈ ಇಳಿಸಲು ಒಂದೇ ಕ್ಲಿನಿಕ್ಕಿಗೆ ಹೋಗಿದ್ದರೆಂದು ತಿಳಿಯಿತು. ಆ ಕ್ಲಿನಿಕ್ 1990ರಲ್ಲಿ ತನ್ನ ಔಷಧಕ್ಕೆ ಎರಡು ಚೀನೀ ಗಿಡಮೂಲಿಕೆಗಳನ್ನು ಸೇರಿಸಿತ್ತು. ಅವುಗಳಲ್ಲಿ ಒಂದರ ಬದಲಿಗೆ, ಹೆಸರು ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ, ಈಶ್ವರಿ ಬಳ್ಳಿಯ ಚೀನೀ ಸೋದರಿಯ ಬೇರು ಪೊಟ್ಟಣಕ್ಕೆ ಬಿದ್ದಿತ್ತು. ಅಂಥ ರೋಗಿಗಳು ಒಬ್ಬೊಬ್ಬರಾಗಿ ಪತ್ತೆಯಾದರು. ಮೂತ್ರಪಿಂಡ ಪೂರ್ತಿ ಸೋತಿದ್ದ 39 ಮಂದಿಗೆ, ಮುಂದೆ ಕ್ಯಾನ್ಸರ್ ಬರಬಹುದೆಂಬ ಭಯದಿಂದ, ಮೂತ್ರಪಿಂಡಗಳನ್ನೂ ಮೂತ್ರನಾಳಗಳನ್ನೂ ಶಸ್ತ್ರಕ್ರಿಯೆ ಮಾಡಿ ತೆಗೆಯಲಾಯಿತು. ಪರೀಕ್ಷಿಸಿ ನೋಡಿದರೆ ಅವರಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಇತ್ತು. 2000ದಲ್ಲಿ ಈ ವರದಿ ಪ್ರಕಟವಾಯಿತು.

ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ದಶಕಗಳಿಂದ ಕಾಡುತ್ತಿದ್ದ ಮೂತ್ರಪಿಂಡದ ಕಾಯಿಲೆಯ ಗುಟ್ಟೂ ಇದರಿಂದ ಬಯಲಾಯಿತು. ಅಲ್ಲಿ ಗೋಧಿ ಹೊಲದ ಕಳೆಯಾಗಿ ಇದೇ ಕುಲದ ಗಿಡ ಬೆಳೆಯುತ್ತಿತ್ತು, ಅದರ ಬೀಜ ಗೋಧಿಯ ಜೊತೆ ಹಿಟ್ಟಾಗಿ ರೊಟ್ಟಿಗೆ ಸೇರುತ್ತಿತ್ತು.

ಈ ಎಲ್ಲ ಕೇಡಿನ ಮೂಲ ಅದೇ ಅರಿಸ್ಟೊಲೋಕಿಕ್ ಆಮ್ಲ. ಅದು ಮಾಡುವ ಕೆಲಸ ಹೀಗಿದೆ. ರಕ್ತದಲ್ಲಿರುವ ಬೇಡದ ವಸ್ತುಗಳನ್ನು ಎಳೆದು ಮೂತ್ರಕ್ಕೆ ದಾಟಿಸುವುದು ಮೂತ್ರಪಿಂಡದ ಸೂಕ್ಷ್ಮ ನಾಳಗಳ ಜೀವಕೋಶಗಳ ಕೆಲಸ. ಅವು ಈ ಆಮ್ಲವನ್ನೂ ಹಾಗೆಯೇ ಒಳಗೆ ಎಳೆದುಕೊಳ್ಳುತ್ತವೆ. ಅಲ್ಲಿನ ಕಿಣ್ವಗಳು ಅದನ್ನು ಬದಲಾಯಿಸಿ ಇನ್ನಷ್ಟು ಚುರುಕಾದ ರೂಪಕ್ಕೆ ತರುತ್ತವೆ. ಆ ರೂಪ ಡಿಎನ್‌ಎಯ ಅಡಿನಿನ್ ಘಟಕಕ್ಕೆ ಗಟ್ಟಿಯಾಗಿ ಅಂಟುತ್ತದೆ. ಜೀವಕೋಶ ಇಬ್ಭಾಗವಾಗುವಾಗ ಅಡಿನಿನ್ ಇದ್ದ ಜಾಗಕ್ಕೆ ಥೈಮಿನ್ ಬಂದು ಕೂರುತ್ತದೆ. ಈ ಬಗೆಯ ಅದಲುಬದಲು ಬೇರೆ ಕಾರಣಗಳಿಂದ ಆಗುವುದು ಅಪರೂಪ. ಆದ್ದರಿಂದ ಬೇರು ಕುಡಿದು ಎಷ್ಟೋ ವರ್ಷಗಳಾದ ಮೇಲೂ ಗಡ್ಡೆಯ ಡಿಎನ್‌ಎ ಓದಿ, ಇದು ಅದರದೇ ಕೆಲಸ ಎಂದು ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ.

ಎರಡು ಸಾವಿರ ವರ್ಷ ಇಷ್ಟು ದೊಡ್ಡ ಅಪಾಯ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಬಹುದು. ಇವತ್ತು ಕುಡಿದ ಕಷಾಯಕ್ಕೆ ನಾಳೆ ಮುಟ್ಟು ಬಂದರೆ ಎರಡನ್ನೂ ಜೋಡಿಸಲು ಪ್ರಯಾಸವಿಲ್ಲ. ಹತ್ತಿಪ್ಪತ್ತು ವರ್ಷ ಕಳೆದು ಕಾಲು ಊದಿದರೆ, ಮೂತ್ರ ಕೆಂಪಾದರೆ, ಆ ಕಷಾಯದ ನೆನಪಾದರೂ ಯಾರಿಗೆ ಇರುತ್ತದೆ? ತಲೆಮಾರುಗಳ ಅನುಭವ ಬೆಲೆಯುಳ್ಳದ್ದು. ಆದರೆ ಅದು ಹಿಡಿಯುವುದು ತಟ್ಟನೆ ತೋರುವ ಪರಿಣಾಮವನ್ನು ಮಾತ್ರ. ನಿಧಾನವಾಗಿ ಬರುವ ಕೇಡನ್ನು ಹಿಡಿಯಲು ದಾಖಲೆ ಬೇಕು, ಸೂಕ್ಷ್ಮದರ್ಶಕ ಬೇಕು, ನೂರಾರು ರೋಗಿಗಳನ್ನು ಒಟ್ಟಿಗೆ ನೋಡುವ ಆಸ್ಪತ್ರೆ ಬೇಕು. "ಅಜ್ಜಿ ಕಾಲದಿಂದ ಕುಡಿದಿದ್ದೇವೆ, ಏನೂ ಆಗಿಲ್ಲ" ಎಂಬ ಮಾತು ಈ ಬೇರಿನ ಮಟ್ಟಿಗೆ ನಿಲ್ಲುವುದಿಲ್ಲ.

ಹಾಗೆಂದು ಬೇಲಿಯ ಬಳ್ಳಿಯನ್ನು ಕಿತ್ತೆಸೆಯಬೇಡಿ. ಆಮ್ಲ ಇರುವುದು ಗಿಡದ ಸ್ವಂತ ರಕ್ಷಣೆಗೆ. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಈ ಕುಲದ ಬಳ್ಳಿಗಳ ಮೇಲೆ ಮೊಟ್ಟೆಯಿಡುತ್ತದೆ. ಅದರ ಹುಳು ಎಲೆ ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದೇ ಅದನ್ನು ಹಕ್ಕಿಗಳಿಂದ ಕಾಪಾಡುತ್ತದೆ. ಹುಳುವಿಗೆ ಅರಗಿದ್ದು ನಮ್ಮ ಮೂತ್ರಪಿಂಡಕ್ಕೆ ಅರಗುವುದಿಲ್ಲ, ಅಷ್ಟೇ.

ಮುಟ್ಟು ನಿಂತಾಗ ಬೇರಿನ ಮೊರೆ ಹೋಗುವವರಲ್ಲಿ ಅನೇಕರು ನಾಚಿಕೆಗೆ, ಮನೆಯವರ ಭಯಕ್ಕೆ ಹಾಗೆ ಮಾಡುತ್ತಾರೆ. ಅವರಿಗೆ ತಲುಪಬೇಕಾದ ಸಂಗತಿ ಒಂದಿದೆ. ಗರ್ಭಪಾತದ ಕಾನೂನು ನಮ್ಮಲ್ಲಿ 1971ರಿಂದಲೇ ಇದೆ. 2021ರ ತಿದ್ದುಪಡಿಯ ಪ್ರಕಾರ, ಕಾನೂನು ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆ ಯಾರಿಗೂ ಹೆಂಗಸಿನ ಹೆಸರನ್ನು ಬಯಲು ಮಾಡುವಂತಿಲ್ಲ. ಹಿಂದೆಂದೋ ಈಶ್ವರಿ ಬೇರು ಕುಡಿದವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು, ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲವಲ್ಲ ಎಂದು ಸುಮ್ಮನೆ ಕೂರಬಾರದು.