ದೇವರ ಪೆಟ್ಟಿಗೆಯ ಹಳೇ ನಾಣ್ಯ: ಅಸಲಿಯೋ, ನಕಲಿಯೋ?

ಸೋದರಿಯರೇ, ಲಕ್ಷ್ಮೀಪೂಜೆಗೆಂದು ಅಜ್ಜಿಯ ಕಾಲದಿಂದ ಉಳಿದು ಬಂದ ನಾಲ್ಕಾರು ನಾಣ್ಯಗಳು ನಿಮ್ಮ ದೇವರ ಪೆಟ್ಟಿಗೆಯಲ್ಲೂ ಇರಬಹುದು. "ಇದಕ್ಕೆ ಲಕ್ಷ ರೂಪಾಯಿ ಬರುತ್ತೆ ಕಣ್ರೀ" ಅಂತ ಯಾರಾದರೂ ಅಂದರೆ ಆಸೆ ಹುಟ್ಟುವುದು ಸಹಜ. ಆದರೆ ಹಳೇ ಇಸವಿ ಇದ್ದ ಮಾತ್ರಕ್ಕೆ ನಾಣ್ಯ ಹಳೆಯದಾಗುವುದಿಲ್ಲ. ಪರೀಕ್ಷೆ ಮಾಡುವುದು ಹೇಗೆ? ಮನೆಯಲ್ಲೇ ಸಾಧ್ಯ, ಬನ್ನಿ ನೋಡೋಣ.

ಮೊದಲು ತಾಮ್ರದ್ದು. ಒಂದು ಕಡೆ ರಾಮ ಸೀತೆಯರೋ ಹನುಮಂತನೋ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಅಂತ ಇದೆಯೇ? ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ! ಇವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಳ್ಳಿ, ಹೆಚ್ಚಿನ ಹಣ ಕೊಟ್ಟು ಮಾತ್ರ ಕೊಳ್ಳಬೇಡಿ. 1835ರ ಅಸಲಿ ಕಾಲಾಣೆಯಲ್ಲಿ ಎರಡು ಸಿಂಹಗಳಿರುವ ಕಂಪನಿಯ ಲಾಂಛನವಿದೆ, ದೇವರ ಚಿತ್ರವಿಲ್ಲ. "ಅಕ್ಕಿ ಎಳೆಯುವ ನಾಣ್ಯ" ಅನ್ನುವುದೂ ಶುದ್ಧ ಮೋಸ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಅಯಸ್ಕಾಂತ ಅಡಗಿಸಿಟ್ಟು ಆಟ ತೋರಿಸ್ತಾರೆ.

ಇನ್ನು ಬೆಳ್ಳಿ ರೂಪಾಯಿ. ವಿಕ್ಟೋರಿಯಾ ರಾಣಿಯ ಹೆಸರಿನ ಜೊತೆ 'ಕ್ವೀನ್' ಎಂದಿದ್ದರೆ ಅದು 1877ಕ್ಕಿಂತ ಹಿಂದಿನದು. 'ಎಂಪ್ರೆಸ್' ಎಂದಿದ್ದರೆ 1877 ಅಥವಾ ಅದರ ನಂತರದ್ದು. 1862 ಎಂಬ ಇಸವಿಯನ್ನೇ 1874ರ ತನಕ ಅಚ್ಚು ಹಾಕುತ್ತಾ ಹೋದರು. ಹಾಗಾಗಿ 1862 ಎಂದಿದ್ದ ನಾಣ್ಯವೆಲ್ಲ ಅದೇ ವರ್ಷದ್ದಲ್ಲ.

ಪರಿಚಯದ ಅಕ್ಕಸಾಲಿಗರಲ್ಲಿ ತೂಗಿಸಿ ನೋಡಿ. ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದಿದ್ದರೆ ಚೂರು ಕಡಿಮೆ. ಅಂಚಿನ ಗೀರುಗಳು ಒಂದೇ ಸಮನಾಗಿರಬೇಕು. ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಸಣ್ಣ ಸಣ್ಣ ಕುಳಿ ಕಂಡರೆ ಅನುಮಾನಪಡಿ. ಅಯಸ್ಕಾಂತ ಹಿಡಿಯಿರಿ. ಬೆಳ್ಳಿ ಅಂಟುವುದಿಲ್ಲ. ಹುಲಿ ಚಿತ್ರದ 1947ರ ರೂಪಾಯಿ ಅಂಟುತ್ತೆ, ಏಕೆಂದರೆ ಅದು ನಿಕ್ಕಲ್. ನಕಲಿಯಲ್ಲ, ಆದರೆ ಬೆಳ್ಳಿಯೂ ಅಲ್ಲ! 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಅದಕ್ಕೆ ಮುಂಚಿನದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಕೊಳ್ಳುವಾಗಲೂ ಕೊಡುವಾಗಲೂ ಈ ಲೆಕ್ಕ ನೆನಪಿರಲಿ.

ಹಬ್ಬ ಬಂತೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಕ್ಷರ ಸವೆಯುತ್ತೆ, ಸಂಗ್ರಹಿಸುವವರು ಮೆಚ್ಚುವ ಹಳೇ ಬಣ್ಣವೂ ಹೋಗುತ್ತೆ. ಮೆತ್ತಗಿನ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. "ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ, ತೆರಿಗೆ ಕಟ್ಟಿ" ಅಂತ ಫೋನಿನಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕಾಗಿ ಹಣ ಕೇಳುವುದೂ ಇಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಿಜವಾಗಿ ಕೊಳ್ಳುವವರು ನಮಗೆ ದುಡ್ಡು ಕೊಡಬೇಕೇ ಹೊರತು ನಮ್ಮಿಂದ ಕೇಳಬಾರದು, ಏನಂತೀರಿ? ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಅಂಥವರ ಪಾಲಾಗದಿರಲಿ.