ಮಹಾಸೋಂಕಿನ ಕಾಲದ ಮಕ್ಕಳ ಗೆಳೆತನ: ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬಹುಮಟ್ಟಿಗೆ ಸೋಂಕಿತರ ಹಾಗೂ ಮೃತರ ಸಂಖ್ಯೆಗಳ ಆಧಾರದಿಂದ ರಚಿಸಲಾಗುತ್ತದೆ. ಈ ಲೆಕ್ಕಕ್ಕೆ ಒಳಪಡದ ನಷ್ಟಗಳೂ ಇವೆ. ಕೋವಿಡ್-೧೯ರ ಅವಧಿಯಲ್ಲಿ ಮಕ್ಕಳು ಮತ್ತು ಹದಿಹರೆಯದವರು ಒಡನಾಟದಿಂದ ವಂಚಿತರಾದುದು ಅವುಗಳಲ್ಲಿ ಮುಖ್ಯವಾದುದು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪರಿಸರವನ್ನು ಮುಂದಿರಿಸಿಕೊಂಡು ಈ ನಷ್ಟದ ಸ್ವರೂಪವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅರಸೀಕೆರೆ ತೆಂಗಿನ ತೋಟಗಳ ಬಯಲುಸೀಮೆ. ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದಿಂದ ಹಾಸನ-ಮೈಸೂರಿನ ಕಡೆಗೆ ಕವಲೊಡೆಯುವ ಜಂಕ್ಷನ್. ಬೇಲೂರು ಅರೆಮಲೆನಾಡು, ಅದರ ಪಶ್ಚಿಮ ಭಾಗದಲ್ಲಿ ಕಾಫಿ ತೋಟಗಳಿವೆ. ಹಳೇಬೀಡು ಇದೇ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿನ ಸಣ್ಣ ಹಳ್ಳಿಗಳ ಮಕ್ಕಳು ಪ್ರಾಥಮಿಕ ಶಿಕ್ಷಣವನ್ನು ಊರಿನಲ್ಲೋ ನೆರೆಯೂರಿನಲ್ಲೋ ಪಡೆದು, ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗಾಗಿ ಹೋಬಳಿ ಅಥವಾ ತಾಲ್ಲೂಕು ಕೇಂದ್ರಗಳಿಗೆ ಬಸ್ಸಿನಲ್ಲಿ ಬರುವುದು ವಾಡಿಕೆ. ಆದ್ದರಿಂದ ಮಗುವಿಗೆ ಎರಡು ಬಗೆಯ ಗೆಳೆತನಗಳು ಲಭಿಸುತ್ತವೆ. ಒಂದು, ಹುಟ್ಟಿದ ಕೇರಿಯಿಂದ ಬಂದದ್ದು. ಮತ್ತೊಂದು, ಶಾಲೆಯಲ್ಲಿ ತಾನೇ ಆರಿಸಿಕೊಂಡದ್ದು. ಬೇರೆ ಬೇರೆ ಕೇರಿ, ಜಾತಿ, ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು, ಅಕ್ಷರ ದಾಸೋಹದ ಊಟವನ್ನು ಒಂದೇ ಸಾಲಿನಲ್ಲಿ ಉಣ್ಣುವ ಅವಕಾಶ ಎರಡನೆಯದರ ತಳಹದಿ. ಎಷ್ಟೋ ಹೆಣ್ಣುಮಕ್ಕಳಿಗಂತೂ ಶಾಲೆಯ ದಾರಿಯೇ ಮನೆಗೆಲಸದಿಂದ ಹೊರಗಿನ ಏಕೈಕ ಬಿಡುವು.

೨೦೨೦ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅಳಿದದ್ದು ಈ ಎರಡನೆಯ ಬಗೆಯ ಗೆಳೆತನದ ನೆಲೆ. ಮಾರ್ಚ್ ೧೭ರಿಂದ ಬೇಲೂರು, ಹಳೇಬೀಡುಗಳ ಸಂರಕ್ಷಿತ ದೇವಾಲಯಗಳೂ ಮುಚ್ಚಿದವು. ಮಾರ್ಚ್ ೨೫ರಿಂದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದು ಬಸ್ಸು, ರೈಲುಗಳು ನಿಂತವು. ರಾಜ್ಯದಲ್ಲಿ ೧ರಿಂದ ೫ನೆಯ ತರಗತಿಗಳು ಪುನರಾರಂಭಗೊಂಡದ್ದು ೨೦೨೧ರ ಅಕ್ಟೋಬರ್ ೨೫ರಂದು, ಅಂದರೆ ಸುಮಾರು ೧೯ ತಿಂಗಳ ಬಳಿಕ. ಅದೇ ವರ್ಷದ ಆಗಸ್ಟ್ ೨೩ರಂದು ೯ರಿಂದ ೧೨ನೆಯ ತರಗತಿಗಳು ಆರಂಭವಾದಾಗಲೂ, ಸೋಂಕು ದೃಢಪಡುವ ಪ್ರಮಾಣ ಶೇ. ೨ನ್ನು ಮೀರಿದ್ದ ಕಾರಣ ಹಾಸನ ಜಿಲ್ಲೆಯನ್ನು ಹೊರಗಿಡಲಾಯಿತು.

ಈ ಅವಧಿಯ ಉದ್ದವೇ ಇಲ್ಲಿ ನಿರ್ಣಾಯಕ. ಬಾಲ್ಯದ ಕೊನೆಯ ಘಟ್ಟದಲ್ಲಿ ಒಬ್ಬ ಆಪ್ತ ಗೆಳೆಯನ ಮೂಲಕವೇ ಮಗು ಇನ್ನೊಬ್ಬರ ಕ್ಷೇಮವನ್ನು ತನ್ನ ಕ್ಷೇಮದಷ್ಟೇ ಮುಖ್ಯವೆಂದು ಅರಿಯುತ್ತದೆ ಎಂಬುದು ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ೧೯೫೩ರ ಗ್ರಂಥದಲ್ಲಿ ಮಂಡಿಸಿದ ವಿಚಾರ. ೨೦೨೦ರಲ್ಲಿ ಮಾರಿಯಾ ಲೋಡ್ಸ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಕ್ರೋಡೀಕರಿಸಿ, ಒಂಟಿತನದ ತೀವ್ರತೆಗಿಂತ ಅದರ ಅವಧಿಯೇ ಮಕ್ಕಳ ಮಾನಸಿಕ ತೊಂದರೆಗಳೊಡನೆ ಹೆಚ್ಚು ನಿಕಟ ಸಂಬಂಧ ಹೊಂದಿದೆಯೆಂದು ತೋರಿಸಿದರು.

ಹಿಂದಿನ ಒಂದು ಪಿಡುಗಿನೊಡನೆ ಇದನ್ನು ಹೋಲಿಸಬಹುದು. ೧೮೯೮ರಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ ಪ್ಲೇಗಿಗೆ ಅಂಜಿ ಜನರು ಊರು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಾವಿನ ಭೀಕರತೆಯ ನಡುವೆಯೂ ನೆರೆಹೊರೆ ಬಹುಮಟ್ಟಿಗೆ ಜೊತೆಯಾಗಿ ಸ್ಥಳಾಂತರಗೊಳ್ಳುತ್ತಿತ್ತು. ೨೦೨೦ರಲ್ಲಿ ಊರು ಅಲ್ಲೇ ಉಳಿಯಿತು. ಮನೆಗಳು ಒಂದರಿಂದೊಂದು ಬೇರ್ಪಟ್ಟವು.

ದೂರದರ್ಶನದ ಚಂದನ ವಾಹಿನಿಯ ಪಾಠಗಳು ಪಠ್ಯವನ್ನು ಮನೆಗೆ ತಂದವು, ಸಹಪಾಠಿಯನ್ನು ತರಲಾರದಾದವು. ಮೊಬೈಲ್ ಫೋನು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತಾದರೂ, ಮನೆಗೊಂದೇ ಫೋನಿದ್ದು ಅದೂ ದುಡಿಯಲು ಹೋದವರ ಕೈಯಲ್ಲಿದ್ದರೆ ಮಗುವಿಗೆ ಮಾತಿನ ದಾರಿಯೇ ಇರಲಿಲ್ಲ. ೨೦೨೦ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆಯು ಆರಂಭಿಸಿದ 'ವಿದ್ಯಾಗಮ' ಈ ದೃಷ್ಟಿಯಿಂದ ಗಮನಾರ್ಹ. ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ, ಮರದ ನೆರಳು, ಗುಡಿಯ ಜಗಲಿ, ಸಮುದಾಯ ಭವನಗಳಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ಹೇಳುವುದು ಅದರ ಕ್ರಮ. ಕಲಿಕೆಗೆಂದು ರೂಪುಗೊಂಡ ಈ ಯೋಜನೆ ಮಕ್ಕಳಿಗೆ ಮರಳಿ ಕೊಟ್ಟದ್ದು ಜೊತೆಗಾರರನ್ನು. ಆದರೆ ವಾಸಸ್ಥಳವನ್ನು ಆಧರಿಸಿದ ಗುಂಪು ಕೇರಿಯ ಗಡಿಯನ್ನು ಎಲ್ಲೆಡೆಯೂ ದಾಟುವಂತಿರಲಿಲ್ಲ. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡು, ೨೦೨೧ರ ಜನವರಿ ೧ರಿಂದ ಮತ್ತೆ ನಡೆಯಿತು. ಶಿಕ್ಷಕರ ಹಾಗೂ ಹಿರಿಯರ ಪ್ರಾಣರಕ್ಷಣೆಯ ಪ್ರಶ್ನೆಯಿದ್ದುದರಿಂದ ಆ ಭೀತಿಯನ್ನು ಅಲ್ಲಗಳೆಯುವಂತಿಲ್ಲ.

ಗೆಳೆತನವು ಮಕ್ಕಳ ಪಾಲಿಗೆ ಬಿಡುವಿನ ವಿನೋದವಲ್ಲ. ಅದು ಅವರ ಕ್ಷೇಮದ ಅಂಗ, ಮತ್ತು ಅದಕ್ಕೆ ಒಂದು ಸ್ಥಳ, ಒಂದು ವೇಳೆ ಅವಶ್ಯ. ಮುಂದಿನ ಪಿಡುಗಿನ ಸಿದ್ಧತೆಯಲ್ಲಿ ಔಷಧ, ಆಹಾರ, ಪಾಠಗಳ ಜೊತೆಗೆ ಮಕ್ಕಳು ಸುರಕ್ಷಿತವಾಗಿ ಸೇರುವ ಬಯಲೊಂದನ್ನೂ ಎಣಿಸಬೇಕಾಗುತ್ತದೆ. ೨೦೨೦ರಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರ ನೆನಪುಗಳು ಮಾಸುವ ಮೊದಲೇ ಅವನ್ನು ಅವರ ಮಾತುಗಳಲ್ಲಿಯೇ ದಾಖಲಿಸುವುದು ಸಂಶೋಧನೆಯ ತುರ್ತು ಕರ್ತವ್ಯವಾಗಿದೆ.