ಬೇಯದೆ ಉಳಿದ ಎಣ್ಣೆ

ಅಮೆರಿಕದ ಕೊಲೊರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳಡಿ ಹಬ್ಬಿರುವ ಗ್ರೀನ್ ರಿವರ್ ಶಿಲಾಸ್ತರ ಜಗತ್ತಿನ ಅತಿ ದೊಡ್ಡ ಆಯಿಲ್ ಶೇಲ್ ನಿಕ್ಷೇಪ. ಪಶ್ಚಿಮ ಕೊಲೊರಾಡೊ ಒಂದರಲ್ಲೇ ಸುಮಾರು 1.5 ಲಕ್ಷ ಕೋಟಿ ಬ್ಯಾರೆಲ್ ತೈಲಕ್ಕೆ ಸಮನಾದ ಸರಕಿದೆ. ಆದರೆ ಅದಿನ್ನೂ ತೈಲವಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಸರೋವರಗಳ ತಳದ ಕೆಸರಿನಲ್ಲಿ ಹೂತ ಪಾಚಿ ಕೆರೋಜೆನ್ ಎಂಬ ಘನವಸ್ತುವಾಯಿತು. ನೆಲದಾಳದ ಶಾಖ ಸಾಲದೆ ಅಲ್ಲಿಗೇ ನಿಂತಿತು. ಟೆಕ್ಸಾಸ್, ಉತ್ತರ ಡಕೋಟಾಗಳಲ್ಲಿ ಬಂಡೆ ಬಿರಿಸಿ ತೆಗೆಯುವ ಶೇಲ್ ತೈಲ ಬೇರೆ, ಅದು ಆಗಲೇ ದ್ರವ. ಇಲ್ಲಾದರೋ ಭೂಮಿ ಅರ್ಧಕ್ಕೆ ಬಿಟ್ಟ ಅಡುಗೆಯನ್ನು ಮನುಷ್ಯ ಮುಗಿಸಬೇಕು, ಸೌದೆಯನ್ನೂ ತಾನೇ ಹೊಂದಿಸಬೇಕು.

ಹಳೆಯ ವಿಧಾನದಲ್ಲಿ ಕಲ್ಲನ್ನು ಅಗೆದು, ಪುಡಿಮಾಡಿ, ಗಾಳಿಯಾಡದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಒಳ್ಳೆಯ ಕಲ್ಲಾದರೂ ಟನ್ನಿಗೆ ದಕ್ಕುವುದು ನೂರು ಲೀಟರ್ ಆಸುಪಾಸು. ಉಳಿದ ಕಲ್ಲು ಉಬ್ಬಿಕೊಂಡು, ಅಗೆದ ಗುಂಡಿಯಲ್ಲೇ ಹಿಡಿಸದಷ್ಟಾಗುತ್ತದೆ. ಆ ರಾಶಿಯ ಮೇಲೆ ಮಳೆ ಬಿದ್ದರೆ ಲವಣ, ಆರ್ಸೆನಿಕ್‌ನಂಥವು ಕರಗಿ ಹಳ್ಳ ಸೇರುವ ಅಪಾಯವಿದೆ. ಬಂಡೆಯಲ್ಲಿರುವ ಕಾರ್ಬೊನೇಟ್ ಖನಿಜಗಳು ಅತಿಶಾಖದಲ್ಲಿ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕುಲುಮೆಯ ಹೊಗೆ ಬೇರೆ. ಬಂದ ಎಣ್ಣೆಯಲ್ಲೂ ಸಾರಜನಕದ ಅಂಶ ಹೆಚ್ಚು, ಹೈಡ್ರೋಜನ್ ಸೇರಿಸಿ ಶುದ್ಧಗೊಳಿಸದೆ ಸಂಸ್ಕರಣಾಗಾರಕ್ಕೆ ಕಳಿಸುವಂತಿಲ್ಲ.

ಎಲ್ಲಕ್ಕಿಂತ ಬಿಗಿಯಾದ ಗಂಟು ನೀರಿನದು. ಒಂದು ಬ್ಯಾರೆಲ್ ತೈಲಕ್ಕೆ ಒಂದರಿಂದ ಮೂರು ಬ್ಯಾರೆಲ್ ನೀರು ಬೇಕೆಂಬ ಅಂದಾಜಿದೆ. ಈ ಒಣನಾಡಿನ ಆಸರೆಯಾದ ಕೊಲೊರಾಡೊ ನದಿಯನ್ನು 1922ರ ಒಪ್ಪಂದದಲ್ಲಿ ರಾಜ್ಯಗಳು ಹಂಚಿಕೊಂಡಾಗಲೇ ನದಿಯಲ್ಲಿ ಹರಿಯುವುದಕ್ಕಿಂತ ಹೆಚ್ಚು ನೀರನ್ನು ಕಾಗದದಲ್ಲಿ ಬರೆದುಕೊಂಡಿದ್ದವು.

ಅಗೆಯುವುದೇ ಬೇಡವೆಂದು ಶೆಲ್ ಕಂಪನಿ ಕೊಳವೆಬಾವಿಗಳಲ್ಲಿ ವಿದ್ಯುತ್ ಹೀಟರ್ ಇಳಿಸಿ, ನೆಲದಡಿಯ ಬಂಡೆಯನ್ನೇ ಕಾಯಿಸಿ ನೋಡಿತು. ಇದಕ್ಕೆ ವರ್ಷಗಟ್ಟಲೆ ಶಾಖ ಬೇಕು. ಅಂತರ್ಜಲ ಕೆಡದಿರಲೆಂದು ಸುತ್ತಲಿನ ನೆಲವನ್ನು ಹಿಮಗಟ್ಟಿಸಿ ಗೋಡೆಯನ್ನೂ ಕಟ್ಟಬೇಕಾಯಿತು: ಒಳಗೆ ಕಾಯಿಸುವುದು, ಹೊರಗೆ ಹೆಪ್ಪುಗಟ್ಟಿಸುವುದು, ಎರಡಕ್ಕೂ ವಿದ್ಯುತ್ತು. 2013ರಲ್ಲಿ ಕಂಪನಿ ಕೊಲೊರಾಡೊದ ಈ ಯೋಜನೆಯನ್ನು ಕೈಬಿಟ್ಟಿತು. ಅದಕ್ಕೂ ಮೊದಲು, 1982ರ ಮೇ 2ರ ಭಾನುವಾರ, ಎಕ್ಸಾನ್ ಕಂಪನಿ ಇದೇ ರಾಜ್ಯದಲ್ಲಿ ಕಾಲೊನಿ ಎಂಬ ತನ್ನ ಆಯಿಲ್ ಶೇಲ್ ಯೋಜನೆಯನ್ನು ನಿಲ್ಲಿಸಿದಾಗ 2,000ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡಿದ್ದರು. ಅಲ್ಲಿನವರು ಆ ದಿನವನ್ನು ಕರಾಳ ಭಾನುವಾರ ಎನ್ನುತ್ತಾರೆ.

ಈ ಕಲ್ಲನ್ನು ನಿಜಕ್ಕೂ ನೆಚ್ಚಿಕೊಂಡ ದೇಶ ಎಸ್ಟೋನಿಯಾ. ಅಲ್ಲಿ ಅದರ ಬಹುಪಾಲು ಎಣ್ಣೆಯಾಗುವ ಬದಲು ನಾರ್ವಾ ಪಟ್ಟಣದ ಬಳಿಯ ವಿದ್ಯುತ್ ಸ್ಥಾವರಗಳಲ್ಲಿ ನೇರವಾಗಿ ಉರಿದಿದೆ. ಉರಿದ ಕಲ್ಲಿನ ಅರ್ಧದಷ್ಟು ತೂಕ ಬೂದಿಯಾಗಿ ಉಳಿಯುತ್ತದೆ. ಈಶಾನ್ಯ ಭಾಗದ ಸಮತಟ್ಟು ನೆಲದಲ್ಲಿ ಕ್ಷಾರ ಬೂದಿಯ ಗುಡ್ಡಗಳೇ ಎದ್ದಿವೆ. ಯುರೋಪಿನಲ್ಲಿ ಇಂಗಾಲದ ಪರವಾನಗಿಯ ಬೆಲೆ ಏರಿದ ಮೇಲೆ, 2019ರಲ್ಲಿ, ಈ ಸ್ಥಾವರಗಳ ಉತ್ಪಾದನೆ ಒಮ್ಮೆಲೇ ಕುಸಿಯಿತು.